ಗಾಪೆ ಓದಿದ ಅಂಗಳ

ಗಾಪೆಯ ಪೂರ್ತಿ ಹೆಸರು ಮೊಸೆತ್ಸಾನಗಾಪೆ. ಅಂದರೆ ‘ಮತ್ತೆ ಹುಡುಗಿ’. ಮೂವರು ಹೆಣ್ಣುಮಕ್ಕಳ ಬೆನ್ನಿಗೆ ಹುಟ್ಟಿದವಳಿಗೆ ಅಪ್ಪ ಇಟ್ಟ ಹೆಸರು. ಮಗಳನ್ನು ಕೂಗಿದಾಗಲೆಲ್ಲ ಹೆಂಡತಿಯನ್ನೂ ಒಂದು ಮಾತು ಅಂದಂತಾಗುತ್ತಿತ್ತು. ‘ಮತ್ತೆ ಹುಡುಗ’ ಎಂಬ ಹೆಸರೂ ನಮ್ಮಲ್ಲಿದೆ, ಇಲ್ಲವೆಂದಲ್ಲ. ಆದರೆ ಅದನ್ನು ಕೂಗುವಾಗ ಅಪ್ಪಂದಿರ ದನಿಯೇ ಬೇರೆ. ಕೊನೆಗೆ ತಾಯಿಯೇ ಹೆಸರನ್ನು ಕತ್ತರಿಸಿ ಬರೀ ಗಾಪೆ ಮಾಡಿದಳು. ಉಳಿದದ್ದು ‘ಮತ್ತೆ’ ಮಾತ್ರ. ಮತ್ತೆ ನೀರು ತಾ, ಮತ್ತೆ ಸೌದೆ ತಾ, ಮತ್ತೆ ಜೋಳ ಕುಟ್ಟು ಎನ್ನುವುದಕ್ಕೆ ಅದು ಅನುಕೂಲವೇ ಆಯಿತು.

ಬೊಟೇಟಿ ಹೊಳೆಯ ದಂಡೆಯ ನಮ್ಮ ಊರಿಗೆ ಅವಳು ಮೊಥೂಸಿಯ ಹೆಂಡತಿಯಾಗಿ ಬಂದಳು. ಒಂದೇ ಬೇಲಿಯೊಳಗೆ ಮೂರು ಮನೆ. ಮೊಥೂಸಿಯ ತಾಯಿ ಎಂದೇ ಹೆಸರಾದ ಅತ್ತೆ ಮ್ಮಾ-ಮೊಥೂಸಿಯದು ಒಂದು, ಗಾಪೆ ಮತ್ತು ಮೊಥೂಸಿಯದು ಒಂದು, ಮೈದುನ ಬಾಲೋಪಿಯದು ಇನ್ನೊಂದು. ಮೂರಕ್ಕೂ ನಡುವೆ ಒಂದೇ ಮರಳಿನ ಅಂಗಳ. ಅಂಗಳದ ಆಚೆ ತುದಿಗೆ ದನದ ದೊಡ್ಡಿ. ಬಂದ ಮಾರನೆಯ ದಿನವೇ ಅತ್ತೆ ಅವಳ ಕೈಗೆ ಹುಲ್ಲಿನ ಪೊರಕೆ ಕೊಟ್ಟರು.

ನಮ್ಮಲ್ಲಿ ಅಂಗಳ ಗುಡಿಸುವುದೆಂದರೆ ಕಸ ತೆಗೆಯುವುದಷ್ಟೇ ಅಲ್ಲ. ಬೆಳಕು ಹರಿಯುವ ಹೊತ್ತಿಗೆ, ಯಾರ ಕಾಲೂ ಬೀಳುವ ಮೊದಲು, ಒಂದು ಕೈ ಬೆನ್ನಿನ ಮೇಲಿಟ್ಟು ಸೊಂಟ ಮುರಿದು ಬಾಗಿ, ಮರಳಿನ ಮೇಲೆ ಅರ್ಧಚಂದ್ರಗಳನ್ನು ಒಂದರ ಪಕ್ಕ ಒಂದು ಇಡುತ್ತ ಹಿಂದೆ ಸರಿಯಬೇಕು. ಸೂರ್ಯ ಹುಟ್ಟಿದ ಮೇಲೂ ಗುಡಿಸದ ಅಂಗಳವನ್ನು ದಾರಿಹೋಕರು ನಿಂತು ನೋಡುತ್ತಾರೆ. ಆ ಮನೆಯ ಸೊಸೆಯ ಹೆಸರು ಮಧ್ಯಾಹ್ನದೊಳಗೆ ಬೋರ್‌ವೆಲ್ ಹತ್ತಿರ ಎಲ್ಲರ ಬಾಯಲ್ಲೂ ಇರುತ್ತದೆ.

ರಾತ್ರಿ ನಡೆದದ್ದೆಲ್ಲ ಬೆಳಗಿನ ಮರಳಿನ ಮೇಲೆ ಇರುತ್ತದೆ. ಯಾವ ಮೇಕೆ ಹಗ್ಗ ಬಿಚ್ಚಿಕೊಂಡಿತು, ಹಾವು ಎತ್ತ ಹೋಯಿತು, ಯಾವ ಗಂಡಸು ಯಾವ ದಿಕ್ಕಿನಿಂದ ಬಂದ, ಎಲ್ಲವೂ. ಮ್ಮಾ-ಮೊಥೂಸಿ ಸೊಸೆಗೆ ಕಲಿಸಿದ್ದು ಇಷ್ಟು.

“ಮೊದ್ಲು ಗಂಡಸರ ಹೆಜ್ಜೆ ಗುಡಿಸು. ಎಲೆ, ಕಡ್ಡಿ, ಹಿಕ್ಕೆ ಎಲ್ಲಾ ಆಮೇಲೆ. ನೋಡಿದ್ದನ್ನ ನೋಡಿದೆ ಅಂತ ಯಾರ್ಗೂ ಹೇಳ್ಬೇಡ.”

ಮೊಥೂಸಿಯ ಬೂಟಿನ ಹಿಮ್ಮಡಿ ಒಂದು ಕಡೆ ಸವೆದಿತ್ತು. ಕೆಲವು ಬೆಳಗುಗಳಲ್ಲಿ ಆ ಹಿಮ್ಮಡಿಯ ಗುರುತು ಬರಬಾರದ ದಿಕ್ಕಿನಿಂದ ಬಂದಿರುತ್ತಿತ್ತು. ಗಾಪೆ ಬಾಗಿಲಿನಿಂದ ರಸ್ತೆಯವರೆಗೆ ಅದನ್ನು ಮೊದಲು ಗುಡಿಸಿ, ಆಮೇಲೆ ಉಳಿದ ಅಂಗಳಕ್ಕೆ ಕೈ ಹಾಕುತ್ತಿದ್ದಳು. ಕುಡಿದವನ ಹೆಜ್ಜೆಯ ಅಂಚು ಎಷ್ಟು ಕೆದರಿರುತ್ತದೆ, ಅವಸರದವನ ಹೆಬ್ಬೆರಳು ಎಷ್ಟು ಆಳ ಊರುತ್ತದೆ, ಜೊತೆಗೆ ಇನ್ನೊಬ್ಬರು ಎಲ್ಲಿಯವರೆಗೆ ಬಂದು ತಿರುಗಿದರು ಎಂಬುದನ್ನು ಅವಳು ಹಾಗೆ ಕಲಿತಳು. ಇದು ಅವಳೊಬ್ಬಳ ವಿದ್ಯೆಯಲ್ಲ. ಊರಿನ ಹೆಂಡತಿಯರೆಲ್ಲ ಅಷ್ಟಿಷ್ಟು ಓದಿದವರೇ. ಬೋರ್‌ವೆಲ್ ಹತ್ತಿರ ಇದೊಂದು ಮಾತ್ರ ಯಾರ ಬಾಯಿಂದಲೂ ಬರುತ್ತಿರಲಿಲ್ಲ.

ಮೊಥೂಸಿ ತೀರಿಕೊಂಡ ಮೇಲೆ, ಹೊಳೆಯ ತಿರುವಿನಲ್ಲಿ ಸಿಂಹ, ಕತ್ತೆಕಿರುಬ, ಕಾಡುನಾಯಿಗಳ ಜಾಡು ಹಿಡಿದು ಅಧ್ಯಯನ ಮಾಡುವವರ ಡೇರೆಗಳು ಎದ್ದವು. ಹೊಳೆಯಾಚೆ ಅಭಯಾರಣ್ಯ, ಈಚೆ ನಮ್ಮ ದನ. ಹೊಳೆ ಬತ್ತಿದ ತಿಂಗಳುಗಳಲ್ಲಿ ಯಾವ ಪ್ರಾಣಿ ಎಲ್ಲಿ ದಾಟುತ್ತದೆ, ಯಾಕೆ ದಾಟುತ್ತದೆ ಎಂದು ತಿಳಿಯುವುದು ಅವರ ಕೆಲಸ. ಜಾಡು ನೋಡುವವರು ಬೇಕು ಎಂದಾಗ ಊರಿನ ಗಂಡಸರು ಹೋದರು. ಗಾಪೆಯೂ ಗಂಡನ ಹಳೆಯ ಪ್ಯಾಂಟು ತೊಟ್ಟು ಹೋದಳು. ಡೇರೆಯ ಮುಖ್ಯಸ್ಥೆ ತುಮೆಲೊ ರಾಜಧಾನಿಯಲ್ಲಿ ಬೆಳೆದ ಹುಡುಗಿ. ಮೂವರು ಗಂಡಸರ ಜೊತೆ ಇವಳನ್ನೂ ತೆಗೆದುಕೊಂಡಳು.

ಮೊದಲ ದಿನವೇ ಕೆಟಲ್ ತಾನಾಗಿ ಗಾಪೆಯ ಮುಂದೆ ಬಂದು ಕುಳಿತಿತು. ಯಾರೂ ಏನೂ ಹೇಳಲಿಲ್ಲ. ಇಟ್ಟು, ಬೇರೆ ಕಡೆ ನೋಡಿದರು. ಅವಳು ಚಹಾ ಮಾಡಿದಳು. ಮಾರನೆಯ ದಿನ ಅದೇ ಕೆಟಲನ್ನು ಎತ್ತಿ ಪಕ್ಕದವನ ಮುಂದಿಟ್ಟು ತಾನೂ ಬೇರೆ ಕಡೆ ನೋಡಿದಳು. ಅವತ್ತಿನ ಚಹಾಕ್ಕೆ ಕತ್ತೆಕಿರುಬವೂ ಹೊಳೆ ದಾಟಿ ಓಡಿತು ಎಂದು ಡೇರೆಯವರು ಈಗಲೂ ನಗುತ್ತಾರೆ. ಆದರೆ ಅಂದಿನಿಂದ ಚಹಾಕ್ಕೆ ಸರದಿ ಬಂತು.

ಸಂಜೆ ಜೀಪಿನ ಹಿಂದೆ ಹಳೆಯ ಟೈರುಗಳನ್ನು ಕಟ್ಟಿ, ಕಾಡಿನ ಮರಳುದಾರಿಯ ಮೇಲೆ ಎಳೆದುಕೊಂಡು ಹೋಗುತ್ತಾರೆ. ಹಳೆಯ ಹೆಜ್ಜೆಗಳೆಲ್ಲ ಅಳಿಸಿ ದಾರಿ ನುಣ್ಣಗಾಗುತ್ತದೆ. ಬೆಳಿಗ್ಗೆ ಅದರ ಮೇಲೆ ಮೂಡಿದ್ದೆಲ್ಲ ಹೊಸದು. ಮೊದಲ ಸಲ ಇದನ್ನು ಕಂಡಾಗ ಗಾಪೆ ನಕ್ಕದ್ದಕ್ಕೆ ಕೊನೆಯೇ ಇರಲಿಲ್ಲವಂತೆ. ಹೆಂಗಸರು ಮಾಡಿದರೆ ಗುಡಿಸುವುದು, ಜೀಪು ಮಾಡಿದರೆ ಸಂಶೋಧನೆ ಎಂದಳಂತೆ. ಹಿಕ್ಕೆಗಳನ್ನು ನೀರಿನಲ್ಲಿ ತೊಳೆದು, ಒಳಗಿನ ಕೂದಲು ಎಲುಬುಗಳನ್ನು ಬೇರ್ಪಡಿಸಿ, ಯಾವ ಪ್ರಾಣಿ ಏನು ತಿಂದಿದೆ ಎಂದು ನೋಡುವ ಕೆಲಸವೂ ಇತ್ತು. ತೊಳೆಯುವುದು ಎಂದ ಕೂಡಲೇ ಮೂವರು ಗಂಡಸರಿಗೂ ಬೆನ್ನುನೋವು ಬಂತು. ಅದಕ್ಕೂ ಸರದಿ ಆಯಿತು.

ಅವಳಿಗೆ ನಿಜವಾದ ತೊಡಕಾದದ್ದು ಬೆಳಗು. ಸೂರ್ಯ ಓರೆಯಾಗಿರುವಾಗ ಮಾತ್ರ ಹೆಜ್ಜೆಯೊಳಗೆ ನೆರಳು ನಿಂತು ಬೆರಳು ಬೆರಳಾಗಿ ಕಾಣುತ್ತದೆ. ನೆತ್ತಿಗೆ ಬಂದರೆ ಮರಳೆಲ್ಲ ಒಂದೇ. ಜಾಡು ನೋಡುವ ಹೊತ್ತೂ ಅಂಗಳ ಗುಡಿಸುವ ಹೊತ್ತೂ ಒಂದೇ ಆಗಿತ್ತು. ಅಂಗಳ ಮುಗಿಸಿ ಅವಳು ಡೇರೆ ಸೇರುವಾಗ ಜೀಪು ಹೊರಟುಹೋಗಿರುತ್ತಿತ್ತು. ಹಾಗಾಗಿ ಸರದಿ ಏನೇ ಇದ್ದರೂ ಹಿಕ್ಕೆಯ ಬಕೆಟ್ಟು ಅವಳ ಪಾಲಿಗೇ ಬರುತ್ತಿತ್ತು.

ಆಮೇಲೆ ಮಗ ಪಾಕೊ ಗೊರಾತಾಳನ್ನು ಮನೆಗೆ ಕರೆತಂದ. ತಾನು ಗಣಿಯ ಕೆಲಸಕ್ಕೆ ಹೊರಟುಹೋದ. ಪೊರಕೆ ಸೊಸೆಯ ಕೈಗೆ ಹೋಯಿತು. ಗಾಪೆ ಬೆಳಕು ಹರಿಯುವ ಮುಂಚೆ ಹೊರಡತೊಡಗಿದಳು. ಜೀಪಿನ ಮುಂದಿನ ಬಂಪರಿಗೆ ಬೆಸೆದ ಕಬ್ಬಿಣದ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತು, ಕೈಯೆತ್ತಿ ಜೀಪು ನಿಲ್ಲಿಸುವವಳು ಈಗ ಅವಳು. ಆ ಕುರ್ಚಿಗೆ ತನ್ನನ್ನು ಕಳುಹಿಸಿದ್ದು ಇನ್ನೊಬ್ಬಳ ಬಾಗಿದ ಸೊಂಟ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೂತಳು. ಬೇರೆ ದಾರಿ ಹೊಳೆಯಲಿಲ್ಲ ಎನ್ನುತ್ತಾಳೆ.

ಆ ಕುರ್ಚಿಯಿಂದ ಅವಳು ಹೆಚ್ಚಾಗಿ ಹಿಂಬಾಲಿಸಿದ್ದು ಒಂದು ಸಿಂಹಿಣಿಯನ್ನು. ಡೇರೆಯ ಪುಸ್ತಕದಲ್ಲಿ ಅದಕ್ಕೊಂದು ನಂಬರು. ಗಾಪೆ ಇಟ್ಟ ಹೆಸರು ಮೂರ್ಬೆರಳಿ. ಮರಿಯಿದ್ದಾಗ ಯಾರೋ ಇಟ್ಟ ಕಬ್ಬಿಣದ ಬೋನಿಗೆ ಸಿಕ್ಕಿ ಹಿಂಗಾಲಿನ ನಾಲ್ಕು ಬೆರಳಲ್ಲಿ ಒಂದನ್ನು ಕಳೆದುಕೊಂಡಿತ್ತು. ಕೊರಳಿಗೆ ಕಟ್ಟಿದ ರೇಡಿಯೋ ಪಟ್ಟಿಯ ಬ್ಯಾಟರಿ ಸತ್ತು ವರ್ಷ ಕಳೆದಿತ್ತು. ಹೊಸದು ಕಟ್ಟಲು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅದು ಬದುಕಿದೆಯೋ ಇಲ್ಲವೋ ಎಂದು ಹೇಳಲು ಈಗ ಕಾಲಿನ ಗುರುತು ಬಿಟ್ಟರೆ ಬೇರೇನೂ ಇರಲಿಲ್ಲ. ಈ ವರ್ಷ ಅದು ಆಚೆ ದಡದ ಮುಳ್ಳುಪೊದೆಯಲ್ಲಿ ಮರಿ ಹಾಕಿತ್ತು.

ಊರಿಗೂ ಡೇರೆಗೂ ನಡುವೆ ಒಂದು ಒಪ್ಪಂದವಿತ್ತು. ಗಟ್ಟಿ ಕಂಬಗಳ ದೊಡ್ಡಿ ಕಟ್ಟಲು ಡೇರೆಯವರು ಕೈಜೋಡಿಸಿದಾಗ, ಊರ ಸಭೆ ಸೇರುವ ಖೋಟ್ಲಾ ಕಟ್ಟೆಯಲ್ಲಿ ಊರ ಯಜಮಾನ, ಅಂದರೆ ನಮ್ಮ ಖೋಸಿ, ಎಲ್ಲರ ಎದುರು ಮಾಡಿದ್ದು. ಮುಚ್ಚಿದ ದೊಡ್ಡಿಯನ್ನು ಹಾರಿಯೋ ಮುರಿದೋ ಒಳಗೆ ಬಂದ ಸಿಂಹವನ್ನು ದನದ ಒಡೆಯ ಕೊಲ್ಲಬಹುದು. ದೊಡ್ಡಿಯ ಬಾಯಿಯ ಅಡ್ಡಮರ ಹಾಕದೆ ಬಿಟ್ಟಿದ್ದರೆ ಬಂದೂಕು ಎತ್ತುವಂತಿಲ್ಲ. ಅಡ್ಡಮರ ಹಾಕುವುದು ಗಂಡಸಿನ ಕೆಲಸ. ಒಪ್ಪಂದಕ್ಕೆ ಎಲ್ಲರಿಗಿಂತ ಗಟ್ಟಿಯಾಗಿ ಹೂಂ ಎಂದವನು ಬಾಲೋಪಿ.

ಚಳಿಗಾಲ ಮುಗಿಯುತ್ತ ಬಂದ ಒಂದು ಬೆಳಿಗ್ಗೆ ಗಾಪೆ, ತುಮೆಲೊ ಇಬ್ಬರೂ ಕಂದು ಕತ್ತೆಕಿರುಬದ ಜಾಡು ಹಿಡಿದು ಹೊಳೆಯ ಮೇಲ್ಭಾಗಕ್ಕೆ ಹೋಗಿದ್ದಾಗ ಗೊರಾತಾಳ ಫೋನು ಬಂತು. ಬಾಲೋಪಿಯ ಗಬ್ಬದ ಕಡಸನ್ನು ಸಿಂಹ ದೊಡ್ಡಿಯೊಳಗೇ ಕೊಂದಿದೆ. ಗಂಡಸರು ಬಂದೂಕು ತಂದಿದ್ದಾರೆ. ಮಧ್ಯಾಹ್ನ ಖೋಟ್ಲಾ ಸೇರುತ್ತದೆ; ಖೋಸಿ ಹೂಂ ಅಂದರೆ ಸಂಜೆಯೊಳಗೆ ಹೊಳೆ ದಾಟುತ್ತಾರೆ. ಹೊಳೆ ಬತ್ತಿತ್ತು. ಮರಿಗಳನ್ನು ಬಿಟ್ಟು ಮೂರ್ಬೆರಳಿ ದೂರ ಹೋಗಲಾರದು. ಅದರ ಪೊದೆ ಎಲ್ಲಿದೆ ಎಂದು ದನ ಕಾಯುವವರಿಗೆಲ್ಲ ಗೊತ್ತಿತ್ತು.

ಮನೆಗೆ ಬಂದಾಗ ಅಂಗಳದ ತುಂಬ ಜನ. ದೊಡ್ಡಿಯ ಸುತ್ತ ಗಂಡಸರು, ನಾಯಿಗಳು ಹತ್ತು ಸುತ್ತು ತಿರುಗಿ ನೆಲವನ್ನು ಹಿಟ್ಟು ಮಾಡಿದ್ದರು. ಸಿಂಹ ಬೇಲಿ ಹಾರಿದ್ದರೆ ಹಿಂಗಾಲು ಊರಿದ ಆಳವಾದ ಗುರುತು ಹೊರಗೆ, ಇಳಿದ ಗುರುತು ಒಳಗೆ ಇರಬೇಕು. ಹೊರಗಿನದು ಗಂಡಸರ ಕಾಲಡಿ, ಒಳಗಿನದು ಬೆದರಿದ ದನಗಳ ಗೊರಸಿನಡಿ ಹೋಗಿತ್ತು. ಅಡ್ಡಮರಗಳು ತಮ್ಮ ತೂತುಗಳಲ್ಲಿ ಸರಿಯಾಗಿ ಕೂತಿದ್ದವು. ಸಂಜೆ ಹಾಕಿದವನು ಆಮೇಲೆ ಮುಟ್ಟಿಯೇ ಇಲ್ಲ ಎಂದು ಬಾಲೋಪಿ ಬಂದವರಿಗೆಲ್ಲ ಹೇಳುತ್ತಿದ್ದ. ಅವನ ಹೆಂಡತಿ ಹೊಲದ ಮನೆಯಲ್ಲಿದ್ದಳು, ಬಿತ್ತನೆಗೆ ನೆಲ ಸರಿಮಾಡಲು ಹೋಗಿ ವಾರವಾಗಿತ್ತು. ಗೊರಾತಾ ಒಲೆಯ ಮುಂದೆ ದೊಡ್ಡ ಪಾತ್ರೆಯಲ್ಲಿ ಚಹಾ ಕುದಿಸುತ್ತಿದ್ದಳು. ಸಿಂಹ ಕೊಲ್ಲಲು ಬಂದವರಿಗೂ ಚಹಾ ಯಾರಾದರೂ ಮಾಡಲೇಬೇಕಲ್ಲ.

ದೊಡ್ಡಿಯ ಬಾಯಿಯ ಮುಂದಿನ ಮರಳನ್ನಂತೂ ಬೆಳಿಗ್ಗೆಯೇ ಗುಡಿಸಿಬಿಟ್ಟಿದ್ದರು. ಗಂಡಸರು ಬಂದದ್ದು ರಸ್ತೆಯ ಕಡೆಯಿಂದ. ಅಂಗಳದ ಈ ಪಕ್ಕವನ್ನು ಅಷ್ಟಾಗಿ ತುಳಿದಿರಲಿಲ್ಲ. ಹೆಜ್ಜೆ ಸಿಗುವುದಿದ್ದರೆ ಇಲ್ಲೇ ಸಿಗಬೇಕಿತ್ತು. ಗಾಪೆ ಹತ್ತಿರ ಹೋಗಿ ನೋಡಿದಳು. ಸೊಸೆಯ ಮೇಲೆ ಸಿಟ್ಟು ಬಂತು, ನಿಜ. ಆಮೇಲೆ ಕುಕ್ಕರಗಾಲಲ್ಲಿ ಕೂತು, ಮರಳಿನ ಮಟ್ಟಕ್ಕೆ ತಲೆ ತಗ್ಗಿಸಿ, ಪೊರಕೆಯ ಗೀರುಗಳನ್ನು ನೋಡಿದಳು.

ಗೊರಾತಾ ದಿನವೂ ಅಜ್ಜಿ ಮ್ಮಾ-ಮೊಥೂಸಿಯ ಬಾಗಿಲಿನಿಂದ ಶುರು ಮಾಡಿ ರಸ್ತೆಯ ಕಡೆಗೆ ಹೋಗುತ್ತಾಳೆ. ಅರ್ಧಚಂದ್ರಗಳ ಬೆನ್ನು ಯಾವಾಗಲೂ ಒಂದೇ ಕಡೆಗೆ. ಇವತ್ತು ಆ ಅರ್ಧಚಂದ್ರಗಳ ಕೆಳಗೆ ಇನ್ನೊಂದು ಗೆರೆ ಇತ್ತು. ಒಂದೇ ಪೊರಕೆಯಗಲ. ಬಾಲೋಪಿಯ ಬಾಗಿಲಿನಿಂದ ಹೊರಟು ಅಂಗಳವನ್ನು ಅಡ್ಡಲಾಗಿ ದಾಟಿ ದೊಡ್ಡಿಯ ಬಾಯಿಯವರೆಗೆ ಹೋಗಿತ್ತು. ಅಲ್ಲಿ ಅದು ಅಗಲವಾಗಿ, ಕೆದರಿಹೋಗಿತ್ತು. ಉಳಿದ ಅಂಗಳವನ್ನು ಆಮೇಲೆ ಅದರ ಮೇಲೆ ಗುಡಿಸಿದ್ದರು.

ಗಾಪೆಗೆ ಬೇರೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ತಾನೇ ವರ್ಷಗಟ್ಟಲೆ ಎಳೆದ ಗೆರೆ ಅದು, ಬೇರೆ ಬಾಗಿಲಿನಿಂದ.

ಸೊಸೆಯನ್ನು ಒಳಗೆ ಕರೆದಳು. ಮ್ಮಾ-ಮೊಥೂಸಿಯೂ ಕೋಲೂರಿಕೊಂಡು ಹಿಂದೆಯೇ ಬಂದು ಬಾಗಿಲಿಗೆ ಅಡ್ಡ ನಿಂತರು.

“ಇವತ್ತು ಮೊದ್ಲು ಎಲ್ಲಿಂದ ಗುಡಿಸ್ದೆ?”

“ಅಜ್ಜಿ ಬಾಗ್ಲಿಂದ, ಅತ್ತೆ.”

“ನಾನು ಕಾಡಲ್ಲಿ ಕಲ್ಲಿನ ಮೇಲೆ ಹೋದ ನಾಯಿನ ಹುಡುಕ್ತೀನಿ ಕಣೆ. ನನ್ನ ಅಂಗಳದಲ್ಲೇ ನಂಗೆ ದಾರಿ ತಪ್ಪಿಸ್ಬೇಡ.”

ಗೊರಾತಾ ಅತ್ತಳು. ಬೆಳಕು ಸರಿಯಾಗಿ ಹರಿದಿರಲಿಲ್ಲವಂತೆ. ಚಿಕ್ಕಮಾವ ಬಾಲೋಪಿಯ ಬೂಟಿನ ಹೆಜ್ಜೆ ಹೊಳೆಕಡೆ ಇರುವ ಒಬ್ಬ ವಿಧವೆಯ ಮನೆಯ ದಿಕ್ಕಿನಿಂದ ಬಂದು, ದೊಡ್ಡಿಯ ಬಾಯಿಗೆ ಹೋಗಿ, ಅಲ್ಲಿಂದ ಅವನ ಬಾಗಿಲಿಗೆ ಬಂದಿತ್ತು. ಗಬ್ಬದ ಕಡಸನ್ನು ನೋಡಿಬರುವುದು ಅವನ ಅಭ್ಯಾಸ. ಚಿಕ್ಕತ್ತೆ ಯಾವ ಹೊತ್ತಿಗಾದರೂ ಹೊಲದಿಂದ ಬಂದಾಳೆಂದು ಇವಳು ಅವನ್ನೇ ಮೊದಲು ಗುಡಿಸಿದಳು. ಕಲಿಸಿದ್ದೇ ಹಾಗೆ. ಬಾಗಿದ ತಲೆ ಎತ್ತದೆ ಬಾಗಿಲಿನಿಂದ ಹಿಂದೆ ಸರಿಯುತ್ತ ಸರಿಯುತ್ತ ದೊಡ್ಡಿಯ ಬಾಯಿ ಮುಟ್ಟಿದಳು.

“ಅಲ್ಲಿ ಬೂಟಿನ ಮೇಲೆ ಪಂಜ ಇತ್ತು, ಅತ್ತೆ. ಕೈ ಓಡ್ತಾನೇ ಇತ್ತು, ನಿಲ್ಲಿಸೋಕಾಗ್ಲಿಲ್ಲ. ಗುಡಿಸಾದ ಮೇಲೆ ತಲೆ ಎತ್ತಿದ್ರೆ ಕಡಸು ಬಿದ್ದಿತ್ತು.”

“ಅಡ್ಡಮರ?”

“ಕೆಳಗಿದ್ವು. ನಾನು ಕೂಗಿದ ಮೇಲೆ ಚಿಕ್ಕಮಾವ ಬಂದು ಮೊದ್ಲು ಅವನ್ನ ಎತ್ತಿ ಹಾಕಿದ್ರು. ಆಮೇಲೆ ಜನರನ್ನ ಕರೆದ್ರು.”

“ಎಷ್ಟು ಬೆರಳು?”

“ಹಿಂದಿನ ಕಾಲಿಗೆ ಮೂರು.”

ಮೂರ್ಬೆರಳಿಯೇ ಹೌದು. ಅದು ಹಾರಿಲ್ಲ, ಮುರಿದಿಲ್ಲ. ತೆರೆದಿದ್ದ ಬಾಯಿಯಿಂದ ನಡೆದು ಹೋಗಿ ಮರಿಗಳಿಗಾಗಿ ಒಂದು ಕಡಸನ್ನು ಕೊಂದಿದೆ.

ಮ್ಮಾ-ಮೊಥೂಸಿ ಇಷ್ಟು ಹೊತ್ತೂ ಗೋಡೆ ನೋಡುತ್ತಿದ್ದರು. ಈ ಹುಡುಗಿ ಖೋಟ್ಲಾದಲ್ಲಿ ಬಾಯಿ ಬಿಟ್ಟರೆ ಇವಳ ಮದುವೆಯ ದನ ಹೊಡೆದುಕೊಂಡು ಇವಳ ತವರಿಗೆ ಹೋಗುವವರು ಯಾರು ಎಂದು ಕೇಳಿದರು. ಮೊಥೂಸಿ ಇಲ್ಲದ ಮೇಲೆ ಪಾಕೊನ ಪರವಾಗಿ ಮುಂದೆ ನಿಲ್ಲಬೇಕಾದವನು ಬಾಲೋಪಿಯೇ. ಗಂಡಿನ ಕಡೆಯ ದನ ಹೆಣ್ಣಿನ ತವರಿಗೆ ಹೋದರಷ್ಟೇ ನಮ್ಮಲ್ಲಿ ಮದುವೆ ಪೂರ್ತಿ; ಅಲ್ಲಿಯವರೆಗೆ ಗೊರಾತಾ ಈ ಮನೆಯಲ್ಲಿ ಅರ್ಧ ಸೊಸೆ. ಬೇಡ ಎಂದು ಒಂದು ಮಾತು ಬಾಲೋಪಿ ಅಂದರೆ ಅವಳು ಬಂದ ದಾರಿಯಲ್ಲೇ ಹೋಗಬೇಕು.

“ಸಿಂಹ ಇನ್ನೊಂದು ಹುಟ್ಟುತ್ತೆ. ಈ ಹುಡುಗಿಗೆ ಇನ್ನೊಂದು ಮನೆ ಎಲ್ಲಿಂದ ತರ್ತೀಯಾ?” ಎಂದರು ಮುದುಕಿ. ಅದರಲ್ಲಿ ಕೆಡುಕೇನೂ ಇರಲಿಲ್ಲ. ಅವರು ಸೊಸೆಯಂದಿರನ್ನು ಕಾಪಾಡುತ್ತ ಬಂದದ್ದೇ ಹೀಗೆ.

“ಅವಳು ಬಾಯಿ ಬಿಡಲ್ಲ, ಅತ್ತೆ. ಚಹಾ ಸೋಸೋಕೆ ಹೋಗು, ಗೊರಾತಾ” ಎಂದಳು ಗಾಪೆ.

ಹೊರಗೆ ತುಮೆಲೊ ಕಾಯುತ್ತಿದ್ದಳು. ಖೋಸಿಯ ಎದುರು ತಾನು ಮಾತಾಡುತ್ತೇನೆ, ಈ ಹೊಳೆಯಲ್ಲಿ ಉಳಿದಿರುವ ಹೆಣ್ಣು ಸಿಂಹಗಳು ಎಷ್ಟು ಕಡಿಮೆ ಎಂದು ತಿಳಿಸಿ ಹೇಳುತ್ತೇನೆ ಎಂದಳು. ಗಾಪೆ ಬೇಡವೆಂದಳು. ಇದು ಸಿಂಹದ ಮಾತಲ್ಲ, ಅಡ್ಡಮರದ ಮಾತು. ಪ್ಯಾಂಟು ತೊಟ್ಟ ಹೆಂಗಸನ್ನು ಖೋಟ್ಲಾದ ಬೇಲಿಯೊಳಗೆ ಬಿಡುವುದಿಲ್ಲ. ಗಾಪೆಯ ಚೀಲದಲ್ಲಿ ಅದಕ್ಕೆಂದೇ ಒಂದು ಬಟ್ಟೆ ಯಾವಾಗಲೂ ಇರುತ್ತದೆ. ಅದನ್ನು ಪ್ಯಾಂಟಿನ ಮೇಲೆಯೇ ಸುತ್ತಿಕೊಂಡಳು. ತುಮೆಲೊಗೆ ಗೊರಾತಾ ತನ್ನದೊಂದನ್ನು ಕೊಟ್ಟಳು. ಸುತ್ತುವುದು ಬಾರದೆ ಅವಳು ಅದನ್ನು ದಾರಿಯುದ್ದಕ್ಕೂ ಹಿಡಿದುಕೊಂಡೇ ನಡೆದಳು.

ಖೋಟ್ಲಾದಲ್ಲಿ ಗಂಡಸರು ಮನೆಯಿಂದ ಹೊತ್ತುತಂದ ಕುರ್ಚಿಗಳ ಮೇಲೆ, ನಾವು ಹೆಂಗಸರು ಕಾಲು ಚಾಚಿ ನೆಲದ ಮೇಲೆ. ಬಂದೂಕುಗಳನ್ನು ಹೊರಗೆ ಬೇಲಿಗೆ ಒರಗಿಸಿದ್ದರು. ಬಾಲೋಪಿ ಎದ್ದು ಟೋಪಿ ತೆಗೆದು ಹೇಳಿದ. ಕತ್ತಲಾಗುವ ಮೊದಲು ಅಡ್ಡಮರ ಹಾಕಿದ್ದ, ಮಲಗಿದ್ದ, ಬೆಳಿಗ್ಗೆ ಕೂಗು ಕೇಳಿ ಎದ್ದಿದ್ದ. ಹಾರುವುದನ್ನು ಕಲಿತ ಸಿಂಹ ಇವತ್ತು ತನ್ನ ದೊಡ್ಡಿಗೆ, ನಾಳೆ ನಿಮ್ಮ ದೊಡ್ಡಿಗೆ. ಕುರ್ಚಿಗಳು ಹೂಂಗುಟ್ಟಿದವು. ಸತ್ತ ಕಡಸಿನ ಬಗ್ಗೆ ಅವನು ಹೇಳುವಾಗ ದನಿ ನಡುಗಿತು. ಅದು ನಾಟಕವಲ್ಲ, ಆ ಕಡಸನ್ನು ಅವನು ಬಾಟಲಿ ಹಾಲು ಕುಡಿಸಿ ಬೆಳೆಸಿದ್ದ.

ಖೋಸಿ ಗಾಪೆಯನ್ನು ಕೇಳಿದರು. ಜಾಡು ಏನು ಹೇಳುತ್ತದೆ?

“ಸಿಂಹದ ಜಾಡು ಇಲ್ಲ, ಖೋಸಿ. ಅಂಗಳ ಗುಡಿಸಿದ್ದಾರೆ. ನಾನು ಗುಡಿಸಿದ್ದನ್ನೇ ನೋಡ್ದೆ.”

ಕುರ್ಚಿಗಳ ಕಡೆ ನಗು ಎದ್ದಿತು. “ಅತ್ತಿಗೆ ಈಗ ಪೊರಕೇನೂ ಓದ್ತಾಳೆ” ಎಂದ ಬಾಲೋಪಿ. ಯಾರೋ, ಮುಂದಿನ ಸಲ ಸೌಟನ್ನೂ ಓದಿಸಿ ಎಂದರು.

ಗಾಪೆ ನಗು ಮುಗಿಯುವವರೆಗೆ ಕಾದಳು. ಅವಳ ಕೈ ಮಾತ್ರ ಸೊಂಟದ ಬಟ್ಟೆಯ ಗಂಟನ್ನು ಬಿಚ್ಚಿ ಕಟ್ಟುತ್ತಿತ್ತು.

“ನನ್ನ ಸೊಸೆ ಗುಡಿಸೋದು ನಾನು ಕಲಿಸಿದ ಹಾಗೆ. ನಂಗೆ ನಮ್ಮತ್ತೆ ಕಲಿಸಿದ್ದು. ಇವತ್ತು ಇಡೀ ಅಂಗಳಕ್ಕಿಂತ ಮೊದ್ಲು ಒಂದು ಗೆರೆ ಗುಡಿಸಿದ್ದಾಳೆ. ಬಾಲೋಪಿ ಬಾಗ್ಲಿಂದ ದೊಡ್ಡಿ ಬಾಯಿವರೆಗೆ. ಬೇಕಾದ್ರೆ ಬಂದು ನೋಡಿ, ಇನ್ನೂ ಇದೆ. ನಾನೂ ಹಾಗೇ ಗುಡಿಸ್ತಿದ್ದೆ, ಮೊಥೂಸಿ ಬದುಕಿದ್ದಾಗ. ನಮ್ಮ ಬಾಗ್ಲಿಂದ ರಸ್ತೆವರೆಗೆ, ಎಲ್ಲಕ್ಕಿಂತ ಮೊದ್ಲು. ಯಾಕೆ ಅಂತ ನಾನು ಹೇಳಲ್ಲ. ಇಲ್ಲಿ ನೆಲದ ಮೇಲೆ ಕೂತಿರೋರಲ್ಲಿ ಯಾರನ್ನ ಬೇಕಾದ್ರೂ ಕೇಳಿ.”

ಸತ್ತ ಗಂಡನ ಬಗ್ಗೆ ಹಾಗೆ ಯಾರೂ ಖೋಟ್ಲಾದಲ್ಲಿ ಮಾತಾಡಿರಲಿಲ್ಲ. ನಾನು ಮೂರನೆಯ ಸಾಲಿನಲ್ಲಿದ್ದೆ. ನಮ್ಮೆಲ್ಲರ ಕೈಗಳೂ ಮಡಿಲಲ್ಲಿ ನಿಂತುಬಿಟ್ಟಿದ್ದವು. ಮೊದಲ ಸಾಲಿನಲ್ಲಿದ್ದ ಖೋಸಿಯ ಹೆಂಡತಿ, ಘನವಾದ ಹೆಂಗಸು, ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಭುಜ ಅಲುಗಿತು. ತಡೆಯಲಾಗಲಿಲ್ಲ, ನಕ್ಕುಬಿಟ್ಟರು. ಅವರ ಪಕ್ಕದವಳು ನಕ್ಕಳು. ಆಮೇಲೆ ನಾವೆಲ್ಲರೂ. ಮೊದಲು ಬಾಲೋಪಿಯನ್ನು ನೋಡಿ ನಕ್ಕೆವು, ಆಮೇಲೆ ಕುರ್ಚಿಗಳ ಸಾಲಿನಲ್ಲಿ ನಮ್ಮ ನಮ್ಮ ಗಂಡಂದಿರನ್ನು ಹುಡುಕಿ ಹುಡುಕಿ ನಕ್ಕೆವು. ಅಷ್ಟೂ ಬೆಳಗುಗಳಲ್ಲಿ ಗುಡಿಸಿದ್ದೆಲ್ಲ ಒಟ್ಟಿಗೆ ಹೊರಬಂದಂತೆ ಇತ್ತು. ಕೆಲವರ ಕಣ್ಣಲ್ಲಿ ನೀರಿತ್ತು.

ಕುರ್ಚಿಗಳ ಕಡೆ ಒಬ್ಬೊಬ್ಬರಾಗಿ ತಮ್ಮ ಬೂಟು ನೋಡಿಕೊಳ್ಳತೊಡಗಿದರು. ಖೋಸಿಯೂ ಒಮ್ಮೆ ನೋಡಿಕೊಂಡರು.

ಬಾಲೋಪಿ ನೆಲದ ಮೇಲಿನ ಸಾಲುಗಳಲ್ಲಿ ತಾಯಿಯನ್ನು ಹುಡುಕಿದ. ಮ್ಮಾ-ಮೊಥೂಸಿ ನಕ್ಕಿರಲಿಲ್ಲ. ಶಾಲನ್ನು ಬಿಗಿಯಾಗಿ ಹೊದ್ದುಕೊಂಡು ಕೂತಿದ್ದರು. ಮಗನಿಗೆ ಬೇಕಾಗಿದ್ದುದು ಒಂದೇ ಮಾತು. ಅವನು ರಾತ್ರಿಯೆಲ್ಲ ಮನೆಯಲ್ಲೇ ಇದ್ದ ಎಂದು ಅವರು ಅಂದಿದ್ದರೆ ಖೋಸಿ ನಂಬುತ್ತಿದ್ದರು.

“ನನ್ನ ಯಾಕಪ್ಪ ನೋಡ್ತೀಯಾ?” ಎಂದರು ಮುದುಕಿ. “ಗುಡಿಸೋದು ನಮ್ಮ ಕೆಲ್ಸ ಇತ್ತು, ಗುಡಿಸ್ದೋ. ಅಡ್ಡಮರ ಹಾಕೋದೊಂದು ನಿಂದಿತ್ತು.”

ಖೋಸಿ ಇನ್ನೊಮ್ಮೆ ಕೇಳಿದರು. ಅಡ್ಡಮರ ಹಾಕಿತ್ತೇ? ಸಂಜೆಯದಲ್ಲ, ರಾತ್ರಿ ಮನೆಗೆ ಬಂದ ಮೇಲಿನದು. ಬಾಲೋಪಿ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. ನೆನಪಿಲ್ಲ ಎಂದ. ಆಮೇಲೆ, ಹಾಕಿರಲಿಕ್ಕಿಲ್ಲ ಎಂದ.

ಬಂದೂಕುಗಳು ಮನೆಗೆ ಹೋದವು. ಕಡಸಿನ ಮೈಗೆ ಯಾರೂ ವಿಷ ಸವರದಂತೆ ಸಂಜೆಯೊಳಗೆ ಅದನ್ನು ಸುಡಬೇಕೆಂದು ಖೋಸಿ ಹೇಳಿದರು. ಸುಟ್ಟರು. ಬಾಲೋಪಿ ಬೆಂಕಿಯ ಹತ್ತಿರ ಒಬ್ಬನೇ ಬಹಳ ಹೊತ್ತು ನಿಂತಿದ್ದ. ಗಾಪೆ ಅವನಿಗೆ ಒಂದು ಲೋಟ ಚಹಾ ಕೊಟ್ಟಳು, ಅವನು ತೆಗೆದುಕೊಳ್ಳಲಿಲ್ಲ. ಮನೆಗೆ ಬಂದವನು, ಪಾಕೊನ ಮದುವೆಯ ದನಗಳ ಮುಂದೆ ನಡೆಯಲು ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ ಎಂದ. ಮ್ಮಾ-ಮೊಥೂಸಿ ಜೋಳದ ಗಂಜಿಗೆ ಹುಳಿಮೊಸರು ಕಲಸುತ್ತಿದ್ದವರು ತಲೆ ಎತ್ತದೆ, ದನ ನಿನ್ನಪ್ಪನದು, ಬೇಕಾದರೆ ನಾನೇ ಕೋಲೂರಿಕೊಂಡು ಮುಂದೆ ನಡೆಯುತ್ತೇನೆ ಎಂದರು. ನಡೆಯುತ್ತಾರೋ ಇಲ್ಲವೋ ಆಗ ಗೊತ್ತಿರಲಿಲ್ಲ. ಗೊರಾತಾ ಆ ರಾತ್ರಿ ತನ್ನ ಬಟ್ಟೆಗಂಟು ಕಟ್ಟಲಿಲ್ಲ, ಅಷ್ಟು ಗೊತ್ತು.

ಮಾರನೆಯ ಬೆಳಿಗ್ಗೆ ಗೊರಾತಾ ಏಳುವ ಹೊತ್ತಿಗೆ ಪೊರಕೆ ಗಾಪೆಯ ಕೈಯಲ್ಲಿತ್ತು. ಮಲಗು, ಇವತ್ತು ನಾನು, ನಾಳೆ ನೀನು ಎಂದಳಂತೆ. ಡೇರೆಯ ಕೆಟಲಿನ ಸರದಿಯನ್ನು ಅವಳು ಮನೆಗೆ ತರಲು ಇಷ್ಟು ದಿನ ಬೇಕಾಯಿತು. ಜೀಪು ಬಂದು ರಸ್ತೆಯಲ್ಲಿ ನಿಂತಿತು. ತುಮೆಲೊ ಹಾರನ್ ಮಾಡಲಿಲ್ಲ. ಗಾಪೆ ಅತ್ತೆಯ ಬಾಗಿಲಿನಿಂದ ಶುರು ಮಾಡಿ, ತನ್ನ ಬಾಗಿಲು ದಾಟಿ, ದೊಡ್ಡಿಯವರೆಗೆ ಅರ್ಧಚಂದ್ರಗಳನ್ನು ಇಡುತ್ತ ಹೋದಳು. ಬಾಲೋಪಿಯ ಬಾಗಿಲಿಗೆ ಬಂದಾಗ ಪೊರಕೆ ಎತ್ತಿ ಆಚೆ ಹೋದಳು. ಅವನ ಬಾಗಿಲಿನಿಂದ ರಸ್ತೆಯವರೆಗಿನ ಮರಳನ್ನು ಮುಟ್ಟಲಿಲ್ಲ. ನಿನ್ನೆಯ ಬೂಟಿನ ಗುರುತು, ಇವತ್ತಿನ ಬೂಟಿನ ಗುರುತು, ಎಲ್ಲ ಹಾಗೆಯೇ ಬಿದ್ದಿದ್ದವು. ನೀರಿಗೆ ಹೊರಟ ಹೆಂಗಸರು ಬಕೆಟ್ಟು ಹಿಡಿದುಕೊಂಡೇ ನಿಂತು ನೋಡಿದರು.

ಮ್ಮಾ-ಮೊಥೂಸಿ ಹೊರಗೆ ಬಂದು ಗುಡಿಸಿದ್ದನ್ನು ನೋಡಿದರು, ಗುಡಿಸದ್ದನ್ನೂ ನೋಡಿದರು. ಅವರ ಪ್ಲಾಸ್ಟಿಕ್ ಕುರ್ಚಿ ಯಾವಾಗಲೂ ರಸ್ತೆಗೆ ಮುಖ ಮಾಡಿರುತ್ತದೆ.

“ಈ ಕುರ್ಚಿನ ಆ ಕಡೆ ತಿರುಗ್ಸು” ಎಂದರು. ಗಾಪೆ ಅದನ್ನು ಬಾಲೋಪಿಯ ಬಾಗಿಲ ಕಡೆಗೆ ತಿರುಗಿಸಿಟ್ಟು ಜೀಪಿನ ಕಡೆ ಓಡಿದಳು.

ಹೊಳೆ ದಾಟುವ ಜಾಗ ಮುಟ್ಟುವ ಹೊತ್ತಿಗೆ ಸೂರ್ಯ ಮೇಲೇರಿದ್ದ. ನೆರಳೆಲ್ಲ ಹೆಜ್ಜೆಗಳಿಂದ ಇಳಿದುಹೋಗಿ ಮರಳು ಬಿಳಿಚಿಕೊಂಡಿತ್ತು. ಬಂಪರಿನ ಕುರ್ಚಿಯಿಂದ ಏನೂ ಕಾಣಲಿಲ್ಲ. ಗಾಪೆ ಇಳಿದು, ಮಂಡಿಯೂರಿ, ಕೆನ್ನೆ ಮರಳಿಗೆ ತಾಗುವಷ್ಟು ಬಾಗಿ ಹುಡುಕಿದಳು. ಬಹಳ ಹೊತ್ತಿನ ಮೇಲೆ ಸಿಕ್ಕಿತು. ಹಿಂಗಾಲಿಗೆ ಮೂರೇ ಬೆರಳು. ಈಚೆ ದಡಕ್ಕೆ ಬಂದದ್ದಲ್ಲ. ಆಚೆ ದಡದಗುಂಟ, ಅಭಯಾರಣ್ಯದ ಒಳಕ್ಕೆ ಹೊರಟದ್ದು. ಅದರ ಮೇಲೆಯೇ, ಒಂದರ ಮೇಲೊಂದು ಬಿದ್ದು ಎದ್ದು ಹೋದ ಪುಟ್ಟ ಪುಟ್ಟ ಪಂಜಗಳು. ತಾಯಿ ಮರಿಗಳನ್ನು ಪೊದೆಯಿಂದ ಎಬ್ಬಿಸಿಕೊಂಡು ಹೊರಟಿತ್ತು.

ತುಮೆಲೊ ಕ್ಯಾಮೆರಾ ತಂದಳು. ಅಳತೆ ತೆಗೆದುಕೊಂಡರು. ವಾಪಸು ಹೊರಡುವಾಗ ಗಾಪೆ ಸಂಜೆಗೆಂದು ಜೀಪಿನ ಹಿಂದೆ ಎತ್ತಿ ಕಟ್ಟಿದ್ದ ಟೈರುಗಳನ್ನು ಬಿಚ್ಚಿ ಒಳಗೆ ಹಾಕಿದಳು.

“ಇವತ್ತು ಸಂಜೆ ಇಲ್ಲಿ ಎಳೀಬೇಡ” ಎಂದಳು. “ಇದು ಹೀಗೇ ಇರ್ಲಿ.”